ಸಿಸ್ಟ್ರಕ್ಕ ಎತ್ತಿಕೊಂಡ ಎರಡು ಕಾಯಿ

ಕಳೆದ ವಾರ ಅಟ್ಟದಿಂದ ಕೊಬ್ಬರಿ ಇಳಿಸಿದೆವು. ವರ್ಷವಿಡೀ ಮೇಲೆ ಒಣಗಿದ ಕಾಯಿಯ ಸಿಪ್ಪೆ ಬಿಡಿಸಿ, ಚಿಪ್ಪು ಒಡೆದು, ಒಳಗಿನ ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ನನ್ನ ಮೈದುನನ ಹೆಬ್ಬೆರಳಿಗೆ ಮಚ್ಚು ತಾಗಿತು. ಮಗಳು ಹತ್ತಿ, ಸ್ಪಿರಿಟ್ ತಂದು ಗಾಯ ಒರೆಸಿದಳು. ಕೊಬ್ಬರಿಯ ಎಣ್ಣೆ ವಾಸನೆಗೆ ಸ್ಪಿರಿಟ್ಟಿನ ಘಾಟು ಸೇರಿದ್ದೇ ತಡ, ನನ್ನ ಕೈ ನಿಂತುಹೋಯಿತು. ಇಪ್ಪತ್ತೈದು ವರ್ಷದ ಹಿಂದೆ, ಶಿವನಿಯ ನನ್ನ ತವರುಮನೆಯ ಹೊರಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ಆ ಕೋಣೆಯ ಅಟ್ಟದಲ್ಲಿ ನಮ್ಮ ಕೊಬ್ಬರಿ, ಕೆಳಗೆ ಬಾಡಿಗೆಗಿದ್ದ ಸಿಸ್ಟ್ರಕ್ಕ. ಅಜ್ಜಂಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಆಕೆಗೆ ನರ್ಸ್ ಕೆಲಸ. ಅಲ್ಲೇ ಮನೆ ಮಾಡಬಹುದಿತ್ತು. ಶಿವನಿಯಲ್ಲಿ ಬಾಡಿಗೆ ಕಮ್ಮಿ, ರೈಲಿನ ಪಾಸು ಅಗ್ಗ ಎಂದು ನಮ್ಮಲ್ಲಿಗೆ ಬಂದಿದ್ದಳು. ಹೆಸರು ನನಗೆ ಗೊತ್ತಿತ್ತು, ಆದರೆ ಕರೆದ ನೆನಪಿಲ್ಲ. ನನ್ನ ಅಮ್ಮನಿಗೂ ಅವಳು ಸಿಸ್ಟ್ರಕ್ಕನೇ, ಅವಳಿಗಿಂತ ನಲವತ್ತು ವರ್ಷ ದೊಡ್ಡವರಾದ ಪಕ್ಕದ ಮನೆಯ ಅಜ್ಜನಿಗೂ ಸಿಸ್ಟ್ರಕ್ಕನೇ.

ಸಂಜೆ ಬಂದವಳು ಚಪ್ಪಲಿ ಹೊರಗೇ ಬಿಟ್ಟು, ಸ್ನಾನ ಮಾಡಿದ ಮೇಲೆಯೇ ಯಾರನ್ನಾದರೂ ಮುಟ್ಟುತ್ತಿದ್ದಳು. ಆಮೇಲೆ ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ, ಕಾಲು ಇಳಿಬಿಟ್ಟು ಜಗಲಿಯ ಮೇಲೆ ಕೂರುತ್ತಿದ್ದಳು. ಊರಿನವರು ಅಷ್ಟು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಒಬ್ಬರಿಗೆ ಬಿಪಿ ನೋಡಬೇಕು, ಇನ್ನೊಬ್ಬರಿಗೆ ಗಾಯದ ಪಟ್ಟಿ ಬದಲಾಯಿಸಬೇಕು. ದುಡ್ಡು ಮುಟ್ಟುತ್ತಿರಲಿಲ್ಲ. ಕಾಲು ಒರೆಸಿಕೊಳ್ಳುವ ಮೊದಲೇ ಎದ್ದು ಹೋಗುತ್ತಿದ್ದಳು. ನಾನು ಪಕ್ಕದಲ್ಲಿ ಹತ್ತಿ ಹಿಡಿದು ನಿಲ್ಲುತ್ತಿದ್ದೆ. ಹಾಗೆ ನಿಂತೂ ನಿಂತೂ ನನಗೆ ನರ್ಸ್ ಆಗುವ ಹುಚ್ಚು ಹತ್ತಿತು.

ಪಿಯುಸಿ ಮುಗಿದಾಗ ಅಪ್ಪನಿಗೆ ಹೇಳಿದೆ. ಅಪ್ಪ ಬೇಡ ಅನ್ನಲಿಲ್ಲ. ನಮ್ಮಪ್ಪ ಯಾವುದಕ್ಕೂ ಬೇಡ ಅನ್ನುವವನಲ್ಲ, ಲೆಕ್ಕ ಹಾಕುವವನು. "ಹೆಂಗೂ ಮನೇಲೇ ಸಿಸ್ಟ್ರು ಅವ್ರೆ, ಅವ್ರನ್ನೇ ಕೇಳಾನ ಬಿಡು" ಅಂದ.

ಅದು ತೋಟದಿಂದ ಕಾಯಿ ಬಂದಿದ್ದ ದಿನ. ಅಟ್ಟಕ್ಕೆ ಏರಿಸುವ ಮುಂಚೆ ಅಪ್ಪ ಎಂದಿನಂತೆ ಮನೆ ಖರ್ಚಿಗೊಂದು ಗುಡ್ಡೆ, ದೇವರಿಗೊಂದು, ಅತ್ತೆಯಂದಿರಿಗೊಂದು ಎಂದು ತೆಗೆದಿಟ್ಟಿದ್ದ. ಹೀಗೆ ತೆಗೆದಿಟ್ಟದ್ದನ್ನು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಎಣಿಸಿದರೆ ಮನೆಯವರ ಹತ್ತಿರವೇ ಲೆಕ್ಕ ಕೇಳಿದ ಹಾಗೆ ಎಂದು ಅಜ್ಜಿ ಬೈಯುತ್ತಿದ್ದಳು. ಉಳಿದದ್ದು ಎಷ್ಟೋ ಅದೇ ಆ ಸಲದ ಫಸಲು.

ಸಿಸ್ಟ್ರಕ್ಕ ರೈಲಿಳಿದು ಬರುತ್ತಲೇ ಅಪ್ಪ ಅವಳನ್ನು ಆ ರಾಶಿಯ ಎದುರಿಗೇ ಕೂರಿಸಿದ. ಅವನಿಗೆ ಕಾಗದದ ಲೆಕ್ಕ ಹತ್ತುತ್ತಿರಲಿಲ್ಲ.

"ಒಂದು ಕಾಯಿಗೆ ಒಂದು ಸಾವಿರ ಅಂತ ಇಟ್ಕಳವ್ವ. ಓದ್ಸಾಕೆ ಎಷ್ಟು ಬೇಕು, ಇಟ್ಟು ತೋರ್ಸು."

ಅವಳು ಇಟ್ಟಳು. ಫೀಸಿಗೆ ಇಷ್ಟು, ಹಾಸ್ಟೆಲ್ಲಿಗೆ ಇಷ್ಟು, ಯೂನಿಫಾರ್ಮು, ಪುಸ್ತಕ, ಹೋಗಿಬರುವ ಖರ್ಚು... ಒಂದು ವರ್ಷದ ಗುಡ್ಡೆ ಮಾಡಿ, "ಹಿಂಗೇ ಇನ್ನೂ ಮೂರು ಯಜಮಾನ್ರೇ" ಅಂದಳು. ಅಪ್ಪ ತಲೆಯ ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಆಯ್ತು. ಓದಿ ಬಂದ್ಮೇಲೆ ತಿಂಗಳಿಗೆ ಏನು ಕೊಡ್ತಾರೆ?"

"ನನಗೆ ಮೂರು ಕೊಡ್ತಾರೆ."

ಅಪ್ಪ ಮೂರು ಕಾಯಿ ತೆಗೆದು ಅವಳ ಮುಂದೆ ಇಟ್ಟ. "ಇದ್ರಾಗೆ ಕೈಲಿ ಎಷ್ಟು ಉಳಿಯುತ್ತೆ?"

ಸಿಸ್ಟ್ರಕ್ಕ ಒಂದನ್ನು ಎತ್ತಿ ಪಕ್ಕಕ್ಕಿಟ್ಟಳು. ಬಾಡಿಗೆ, ಊಟ, ಪಾಸು. ಮಿಕ್ಕ ಎರಡನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ್ನೂ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಇವೂ ಹೋಗ್ತವೆ. ಏನೂ ಉಳಿಯಲ್ಲ" ಅಂದಳು.

ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬರಿಯ ನೆಲ. ಅಪ್ಪ ಎರಡನ್ನೂ ನೋಡಿದ. "ಹಂಗಾದ್ರೆ ಆಯ್ತಲ್ಲ ಬಿಡವ್ವ" ಅಂದು ಎದ್ದ. ಆ ಎರಡು ಕಾಯಿ ಎಲ್ಲಿಗೆ ಹೋಗುತ್ತವೆ ಎಂದು ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳ ಮೇಲೆ ನನಗೆ ಎಂಥ ಕೋಪ ಬಂತೆಂದರೆ, ಆ ರಾತ್ರಿ ಅಮ್ಮ ಅವಳಿಗೆ ಸಾರು ಕೊಟ್ಟು ಬಾ ಅಂದರೆ ಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೊರಟವಳು ನನ್ನನ್ನು ಕರೆದು ಕೈಗೊಂದು ಕವರು ಕೊಟ್ಟಳು. ಒಳಗೆ ನರ್ಸಿಂಗ್ ಕಾಲೇಜಿನ ಅರ್ಜಿ. ಅವಳೇ ದುಡ್ಡು ಕೊಟ್ಟು ತರಿಸಿದ್ದು.

"ನೀವೇ ಬೇಡ ಅಂದ್ರಲ್ಲಕ್ಕ?"

"ನಾನೆಲ್ಲಿ ಬೇಡ ಅಂದೆ? ಉಳಿಯಲ್ಲ ಅಂದೆ."

ರೈಲಿನ ಹೊತ್ತಾಗಿತ್ತು, ಹೊರಟುಹೋದಳು. ನಾನು ಕವರು ಹಿಡಿದು ಬೆಪ್ಪಾಗಿ ನಿಂತಿದ್ದೆ. ಬೇಡ ಅನ್ನುವುದಕ್ಕೂ ಉಳಿಯಲ್ಲ ಅನ್ನುವುದಕ್ಕೂ ಏನು ವ್ಯತ್ಯಾಸ? ಅವಳು ಹೇಳಿದ್ದು ಓದು ಅಂತಲೋ, ಓದಿ ಕೆಡಬೇಡ ಅಂತಲೋ? ಕೇಳಬಹುದಿತ್ತು. ಸಂಜೆ ಬರುತ್ತಾಳಲ್ಲ, ನಾಳೆ ಇರುತ್ತಾಳಲ್ಲ ಅಂದುಕೊಂಡೇ ಅರ್ಜಿಯ ಕೊನೆಯ ದಿನ ಕಳೆಯಿತು. ಮುಂದಿನ ವರ್ಷ ನನ್ನನ್ನು ಯಗಟಿಗೆ ಮದುವೆ ಮಾಡಿಕೊಟ್ಟರು. ಆಮೇಲೆ ಯಾವಾಗಲೋ ಅವಳೂ ಕೋಣೆ ಖಾಲಿ ಮಾಡಿದಳಂತೆ...

ಮೂರು ವರ್ಷದ ಹಿಂದೆ ತರೀಕೆರೆಗೆ ಒಂದು ಮದುವೆಗೆ ಹೋಗಿದ್ದೆ. ಅವಳ ಊರು ಅದೇ ಎಂದು ನೆನಪಾಗಿ, ಕೇಳಿಕೊಂಡು ಹುಡುಕಿದೆ. ಸಿಕ್ಕಿದ್ದು ಅವಳ ತಮ್ಮ. ಮೋಟರ್ ರಿಪೇರಿ ಅಂಗಡಿ, ಹಿಂದೆ ಗಾರೆ ಮನೆ, ಗೋಡೆಯ ಮೇಲೆ ಹಾರ ಹಾಕಿದ ಸಿಸ್ಟ್ರಕ್ಕ. "ಅಕ್ಕ ಹೋಗಿ ಎರಡು ವರ್ಷ ಆಯ್ತು ಕಣಮ್ಮ. ಕಡೇತನಕ ಒಂಟಿಯಾಗೇ ಇದ್ಲು. ನಾನು ಐಟಿಐ ಓದಿದ್ದು, ತಂಗಿ ಮದ್ವೆ, ಈ ಮನೆ, ಎಲ್ಲಾ ಅವಳ ದುಡ್ನಲ್ಲೇ" ಅಂದ. ಕಾಫಿ ಕೊಟ್ಟರು, ಕುಡಿದೆ, ಅತ್ತುಬಿಟ್ಟೆ. ಬಸ್ಸಿನಲ್ಲಿ ಬರುವಾಗಲೂ ಅಳು ಬಂತು. ಆದರೆ ಆ ಎರಡು ಕಾಯಿ ಮಾತ್ರ ನೆನಪಾಗಲಿಲ್ಲ. ದಡ್ಡಿ ನಾನು.

ಈಗ ನನ್ನ ಮಗಳ ಸರದಿ. ಕಡೂರಿನಲ್ಲಿ ಪಿಯುಸಿ ಮುಗಿಸಿ, ಬಿಎಸ್ಸಿ ನರ್ಸಿಂಗ್ ಮಾಡುತ್ತೇನೆ ಎಂದು ಕೂತಿದ್ದಾಳೆ. ಎರಡು ತಿಂಗಳಿಂದ ನನ್ನ ತಲೆ ಕೆಟ್ಟು ಹೋಗಿದೆ. ಡಿಪ್ಲೊಮಾ ಸಾಕು, ಒಂದು ವರ್ಷದ ಫೀಸು ಉಳಿಯುತ್ತದೆ ಎನ್ನುತ್ತಾರೆ ಒಬ್ಬರು. ಡಿಗ್ರಿಯೇ ಇರಲಿ, ಜರ್ಮನಿಗೆ ಕರೆಯುತ್ತಾರೆ ಎನ್ನುತ್ತಾರೆ ಇನ್ನೊಬ್ಬರು. ಅಷ್ಟು ಸುರಿದರೂ ಮೊದಲ ಸಂಬಳ ಬಟ್ಟೆ ಅಂಗಡಿಯವನು ಕೊಡುವಷ್ಟೇ ಎಂದು ಓರಗಿತ್ತಿಯ ಅಣ್ಣ ಹೆದರಿಸಿ ಹೋದ. ಎಲ್ಲರ ಮಾತೂ ಸರಿ ಅನ್ನಿಸುತ್ತದೆ, ಅದೇ ಕಷ್ಟ. ಮನೆಯವರನ್ನು ಕೇಳಿದರೆ "ನಿಂಗೆ ತಿಳಿದಂಗೆ ಮಾಡು" ಅಂತ ತೋಟಕ್ಕೆ ಹೋಗಿಬಿಡುತ್ತಾರೆ. ಈ ಸಲದ ಕೊಬ್ಬರಿ ಪೂರ್ತಿ ಮಾರಿದರೆ ಮೊದಲ ವರ್ಷದ ಫೀಸಿಗೆ ಆಗುತ್ತದೆ. ಆಮೇಲಿನ ಮೂರು ವರ್ಷ?

ಮೈದುನನ ಬೆರಳಿಗೆ ಪಟ್ಟಿ ಕಟ್ಟಿದ ಮೇಲೆ ಮಗಳು ನೋಟ್‌ಬುಕ್ ಹಿಡಿದು ಚೀಲದ ತೂಕ ಬರೆಯತೊಡಗಿದಳು. ನಾನು ಅಭ್ಯಾಸದಂತೆ ಮನೆಗೆ, ದೇವರಿಗೆ, ನಾದಿನಿಗೆ ಎಂದು ಮೊದಲೇ ತೆಗೆದಿಟ್ಟಿದ್ದೆ.

"ಅಮ್ಮ, ಇವನ್ನ ತೂಗ್ಲೇ ಇಲ್ವಲ್ಲ?"

"ಅದು ಲೆಕ್ಕಕ್ಕಿಲ್ಲ ಕಣೇ."

"ಯಾಕೆ? ಇವೂ ನಮ್ಮ ಮರದಾಗೇ ಬಿಟ್ಟಿದ್ದು ತಾನೆ?"

ಸ್ಪಿರಿಟ್ಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮಡಿಲಲ್ಲಿ ಎರಡು ಕಾಯಿ ಇಟ್ಟುಕೊಂಡು ಕೂತಿದ್ದವಳು ಕಣ್ಣೆದುರು ಬಂದಳು. ಅವಳೂ ನಮ್ಮ ಹಾಗೇ ಮಾಡಿದ್ದಳು. ತನ್ನ ಮನೆಯವರ ಪಾಲನ್ನು ಲೆಕ್ಕದಿಂದ ಎತ್ತಿಟ್ಟು, ಮಿಕ್ಕದ್ದನ್ನು ಮಾತ್ರ ಎಣಿಸಿ, ಉಳಿಯಲ್ಲ ಅಂದಿದ್ದಳು. ಅಪ್ಪನೂ ಹಾಗೇ ಎಣಿಸುವವನಾದ್ದರಿಂದ ಅವನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಒಬ್ಬ ಹುಡುಗನ ಓದು, ಒಂದು ಹುಡುಗಿಯ ಮದುವೆ, ಒಂದು ಗಾರೆ ಮನೆ, ಇಷ್ಟೂ ಲೆಕ್ಕಕ್ಕೆ ಬರಲಿಲ್ಲ. ನನ್ನ ಓದು ನಿಂತದ್ದು ಆ ಬರಿಯ ನೆಲ ನೋಡಿ.

ಹಾಗಂತ ಎಲ್ಲ ಸ್ಪಷ್ಟವಾಯಿತೇ ಎಂದರೆ, ಇಲ್ಲ. ಇನ್ನೂ ಗೊಂದಲವಾಯಿತು. ಅವಳು ದುಡಿದದ್ದು ಕಡಿಮೆಯಲ್ಲ, ಸರಿ. ಆದರೆ ಅವಳ ಕೈಯಲ್ಲಿ ಏನಿತ್ತು? ಒಂದು ಬಕೆಟ್ಟು, ಉಪ್ಪುನೀರು, ಊದಿದ ಕಾಲು. ಆ ಎರಡು ಕಾಯಿಯನ್ನು ಲಾಭ ಅನ್ನಬೇಕೋ ಖರ್ಚು ಅನ್ನಬೇಕೋ? ಅರ್ಜಿ ಕೊಟ್ಟಳಲ್ಲ, ಹಾಗಾದರೆ ತನ್ನ ಬದುಕು ಅವಳಿಗೆ ಒಪ್ಪಿಗೆಯಿತ್ತೇ? ಒಂದು ಸಂಜೆ ಕೇಳಿದ್ದರೆ ಮುಗಿಯುತ್ತಿತ್ತು...

ಸೋಮವಾರ ಮಗಳ ಬಿಎಸ್ಸಿ ಸೀಟಿಗೆ ದುಡ್ಡು ಕಟ್ಟಿ ಬಂದೆವು. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಬೇಡ ಅನ್ನಲು ನನ್ನಿಂದ ಆಗಲಿಲ್ಲ, ಅಷ್ಟೇ.

ಕೊಬ್ಬರಿ ಇಳಿಸಿದ ಆ ದಿನ ಚೀಲದ ಬಾಯಿ ಹೊಲಿಯುವ ಮುಂಚೆ ಒಳ್ಳೆಯ ಕೊಬ್ಬರಿ ಆರಿಸಿ, ಇನ್ನೊಂದು ಸಣ್ಣ ಗುಡ್ಡೆ ತೆಗೆದಿಟ್ಟೆ. "ಇದ್ಯಾರಿಗಮ್ಮ?" ಎಂದಳು ಮಗಳು. ನನಗೆ ಬೇಕಾದವರೊಬ್ಬರಿಗೆ ಅಂದೆ. "ಇದನ್ನ ಬರೀಲಾ, ಬೇಡ್ವಾ?"

"ಬರಿ. ಎಲ್ಲಾದನ್ನೂ ತೂಗಿ ಬರಿ."

ಮನೆಯದು ಮನೆಗಾಯಿತು, ದೇವರದು ದೇವರಿಗೆ ಹೋಯಿತು, ನಾದಿನಿ ಬಂದು ತನ್ನದನ್ನು ತೆಗೆದುಕೊಂಡು ಹೋದಳು. ಆ ಸಣ್ಣ ಗುಡ್ಡೆ ಮಾತ್ರ, ಒಯ್ಯಬೇಕಾದವಳು ಇಲ್ಲದೆ, ಪಡಸಾಲೆಯ ಮೂಲೆಯಲ್ಲಿ ಹಾಗೇ ಇದೆ. ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತೇನೆ.