ಗುಬ್ಬಿಗಳಿಗೊಂದೇ ಹೊಲ

ತಡಸದ ಚನ್ನವೀರಪ್ಪನಿಗೆ ಯಾರೂ ಮಾಡದ್ದನ್ನು ತಾನೊಬ್ಬನೇ ಮಾಡಬೇಕೆಂಬ ಚಟ. ಊರಿಗೆಲ್ಲ ಮೊದಲು ಗೋವಿನಜೋಳ ಬಿತ್ತಿದವನು ತಾನೇ ಎಂದು ವರ್ಷಗಟ್ಟಲೆ ಮೀಸೆ ತಿರುವಿದ. ಸವಣೂರಿನಿಂದ ವೀಳ್ಯದೆಲೆ ಬಳ್ಳಿ ತಂದು ಹಿತ್ತಲಲ್ಲಿ ಹಬ್ಬಿಸಲು ಹೋದ. ಒಂದೆಲೆಯೂ ಬಾಯಿಗೆ ಬರಲಿಲ್ಲ. ಆ ಸುದ್ದಿಯನ್ನು ಮಾತ್ರ ಅವನ ಮುಂದೆ ತೆಗೆಯಬಾರದು.

ಈಚೆಗೆ ಮಳೆಗೇ ತಲೆ ಕೆಟ್ಟಿತು. ಬೇಕೆಂದಾಗ ಬಾರದು, ಬೇಡವೆಂದಾಗ ಹೋಗದು. ಎರಡು ಹಂಗಾಮು ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೇ ಒಣಗಿ ನಿಂತಾಗ ಚನ್ನವೀರಪ್ಪನ ಮೀಸೆಯೂ ಸ್ವಲ್ಪ ಇಳಿಯಿತು.

ಹೆಂಡತಿ ಸುಶೀಲವ್ವನ ತವರು ಹಿರೇಕೆರೂರಿನ ಕಡೆ. ಅಲ್ಲಿ ಅವಳ ಅತ್ತಿಗೆ ಹಳೇ ನವಣೆ ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಾಡಿದ್ದಳು. ಅತ್ತಿಗೆ ತೀರಿಕೊಂಡ ಮೇಲೆ ಉಳಿದ ಬೀಜವೆಲ್ಲ ಸುಶೀಲವ್ವನ ಕೈಗೆ ಬಂತು.

"ಇದು ಅರ್ಧ ಮಳಿಗೂ ಬೆಳಿತೈತಿ. ಆದ್ರ ಒಮ್ಮೆ ಕೈತಪ್ಪಿದ್ರ ಮತ್ತ ಸಿಗೂದಿಲ್ಲ ನೋಡ್ರಿ," ಎಂದಳು.

ಬದುವಿನಾಚೆಯ ಹೊಲದ ಹುಸೇನಸಾಬ ಅದನ್ನು ಕೇಳಿ ಓಡಿಬಂದ. "ಕಾಕಾ, ನನಗೂ ಒಂದೀಟು ಕೊಡ್ರಿ. ಬಾಜೂಕ ನಾನೂ ಬಿತ್ತತೇನಿ."

"ಬಿತ್ತೂ ಮುಂಚೆ ಬೀಜ ಮನಿ ಹೊರಗ ಹೋದ್ರ ಲಕ್ಷ್ಮೀನೂ ಹೊರಗ ಹೋಗ್ತಾಳೋ," ಎಂದು ಚನ್ನವೀರಪ್ಪ ಶಾಸ್ತ್ರ ಹೇಳಿದ. ಆ ಶಾಸ್ತ್ರ ಹುಟ್ಟಿದ್ದು ಅದೇ ಗಳಿಗೆಯಲ್ಲಿ ಎಂಬುದು ಸುಶೀಲವ್ವನಿಗೆ ಗೊತ್ತಿತ್ತು.

ನವಣೆ ಮಾತು ಉಳಿಸಿಕೊಂಡಿತು. ಮಳೆ ಮುನಿದರೂ ತೆನೆ ತುಂಬಿ ಬಾಗಿತು. ಚನ್ನವೀರಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ತೋರಿಸಿದ. ಕರೆಯದೇ ಬಂದವು ಗುಬ್ಬಿಗಳು. ಸುತ್ತ ಕಣ್ಣು ಹಾಯುವಷ್ಟು ದೂರ ಬರೀ ಗೋವಿನಜೋಳ. ಆ ದಪ್ಪ ಕಾಳು ಗುಬ್ಬಿಯ ಕೊಕ್ಕಿಗೆ ಹಿಡಿಯದು. ಶಿಗ್ಗಾವಿ ತಾಲೂಕಿನ ಗುಬ್ಬಿಗಳಿಗೆಲ್ಲ ಇದೊಂದೇ ಪಂಕ್ತಿ. ಅವನು ಅಟ್ಟ ಕಟ್ಟಿ ಡಬ್ಬ ಬಡಿದ, ಕವಣೆ ಬೀಸಿದ. ಈ ಮೂಲೆಯಿಂದ ಎದ್ದವು ಆ ಮೂಲೆಯಲ್ಲಿ ಕುಳಿತವು. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು.

"ಗುಬ್ಬಿಗೋಳಿಗೆ ದಾಸೋಹ ಇಟ್ಟೀರೇನ್ರಿ?" ಎಂದು ಕೇಳಿಕೊಂಡು ಜನ ಮುಂದೆ ಹೋದರು.

ರಾಶಿ ಮಾಡಿದಾಗ ಸಿಕ್ಕಿದ್ದು ಬಿತ್ತಿದಷ್ಟೇ ಕಾಳು. ಕಣದಲ್ಲಿ ಕುಳಿತ ಚನ್ನವೀರಪ್ಪನಿಗೆ ಅಳು ಬಂತು. ಹೆಂಡತಿಯ ತವರಿನ ಬೀಜವನ್ನೇ ಕಳೆದುಬಿಡುತ್ತಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಬೀಳಲಿ ಎಂದುಕೊಂಡ.

"ಇದ್ದ ಗುಬ್ಬಿ ಎಲ್ಲಾ ಒಂದ ಹೊಲಕ್ಕ ಬಿದ್ವು. ನಾಕು ಹೊಲದಾಗ ನವಣಿ ಇದ್ದಿದ್ರ?" ಎಂದು ಸುಶೀಲವ್ವ ಮೊರದಲ್ಲಿ ಕಾಳು ಕೇರುತ್ತಲೇ ಕೇಳಿದಳು.

ಮುಂದಿನ ಮುಂಗಾರಿಗೆ ಟವೆಲ್ಲಿನಲ್ಲಿ ಬೀಜ ಕಟ್ಟಿಕೊಂಡು ತಾನೇ ಹುಸೇನಸಾಬನ ಮನೆಗೆ ಹೋದ. ತನ್ನ ಹೊಲಕ್ಕಷ್ಟೇ ಸಾಲುವ ಬೀಜದಲ್ಲಿ ಅರ್ಧ ಆ ಗಂಟಿನಲ್ಲಿತ್ತು. ಹುಸೇನಸಾಬ ಗಂಟು ಮುಟ್ಟಲಿಲ್ಲ.

"ನಿಮಗ ಕಡಿಮಿ ಬೀಳತೈತಲ್ಲ, ಕಾಕಾ. ಹೋದ್ವರ್ಷ ಒಂದು ಮುಷ್ಟಿ ಕೇಳಿದ್ರ ಕೊಡಲಿಲ್ಲ, ಈಗ ಇಷ್ಟು ಬೀಜ ಕೊಡಾಕತ್ತೀರಿ?"

"ನಾ ಬೀಜ ಕೊಡಾಕ ಬಂದಿಲ್ಲೋ ತಮ್ಮಾ," ಎನ್ನುತ್ತ ಚನ್ನವೀರಪ್ಪ ಗಂಟನ್ನು ಅವನ ತೊಡೆಯ ಮೇಲಿಟ್ಟ. "ಗುಬ್ಬಿ ಕೊಡಾಕ ಬಂದೇನಿ. ಅವುಗಳೊಳಗ ಅರ್ಧ ನೀ ಇಟ್ಕೊ."