ಅಡ್ಡ ಬರದ ನಾಯಿ

ನಾನು ದುಡಿದಿದ್ದು ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ, ನರ್ಸ್ ಆಗಿ. ಅಪಘಾತವಾಗಿ ಬಂದವರನ್ನು ಒಳಗೆ ಕಳಿಸಿದ ಮೇಲೆ, ಜೊತೆಗೆ ಬಂದವರನ್ನು ಏನಾಯಿತೆಂದು ಕೇಳಿ ಬರೆದುಕೊಳ್ಳಬೇಕಿತ್ತು. ಹೆಚ್ಚಿನವರ ಉತ್ತರ ಒಂದೇ: ‘ನಾಯಿ ಅಡ್ಡ ಬಂತು.’ ಅಷ್ಟು ನಾಯಿಗಳು ಶಿವಮೊಗ್ಗ, ಭದ್ರಾವತಿ ಎರಡೂ ಊರು ಸೇರಿಸಿದರೂ ಸಿಗಲಾರವು. ಗಾಡಿ ಓಡಿಸಿದವನು ಗಂಡನೋ ಮಗನೋ ಆಗಿರುತ್ತಾನೆ. ಅವನ ಮೇಲೆ ಪೊಲೀಸ್ ಕೇಸು ಆಗಬಾರದು. ನಾಯಿಯ ಮೇಲಾದರೆ ಯಾರೂ ಕೇಸು ಹಾಕುವುದಿಲ್ಲ.

ನಾನು ನಿವೃತ್ತಳಾದ ಮೇಲೆ ಅದೇ ನಾಯಿ ನನ್ನ ತಂಗಿಯ ಕಾಲು ತೆಗೆದುಕೊಂಡು ಹೋಯಿತು.

ತಂಗಿಯ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಶಿವಮೊಗ್ಗದಲ್ಲಿ ಒಂದು ಮದುವೆಗೆ ಬಂದು ಗಂಡ ಹೆಂಡತಿ ಕಾರಿನಲ್ಲಿ ವಾಪಸು ಹೊರಟಿದ್ದರು. ಮಲವಗೊಪ್ಪದ ಹತ್ತಿರ ರಸ್ತೆ ಬಿಟ್ಟು ಮಣ್ಣಿನಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ಕಾರಿನ ಎಡಮಗ್ಗುಲು ನುಗ್ಗಿತು. ಹಗಲು, ಬಿಸಿಲು, ನೇರ ರಸ್ತೆ. ಓಡಿಸುತ್ತಿದ್ದ ಗಂಡನಿಗೆ ಹಣೆಯ ಮೇಲೊಂದು ಗೀರು. ಅವಳ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಅವಳಿಗೆ ಪ್ರಜ್ಞೆ ಬರುವ ಮೊದಲೇ ಅವನು ಪೊಲೀಸರಿಗೆ ನಾಯಿಯ ಕಥೆ ಹೇಳಿ ಸಹಿ ಹಾಕಿದ್ದ.

ಅವನು ಕಾರ್ಖಾನೆಯ ಶಿಫ್ಟ್ ಬಸ್ ಓಡಿಸಿ ನಿವೃತ್ತನಾದವನು. ಒಂದೂ ಅಪಘಾತ ಮಾಡದ ಚಾಲಕನೆಂದು ಶಾಲು ಹೊದಿಸಿ ಕಳಿಸಿದ್ದರು. ಆ ಹೆಮ್ಮೆ ಅವನಿಗೆ ಹೆಂಡತಿಯ ಕಾಲಿಗಿಂತ ದೊಡ್ಡದು.

ತಂಗಿಯನ್ನು ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಕರೆತಂದೆ. ಅವಳಿಗೆ ಬೇಕಾಗಿದ್ದು ಒಂದೇ: ಒಳ್ಳೆಯ ಕೃತಕ ಕಾಲು, ಯಾರ ಹೆಗಲೂ ಹಿಡಿಯದೆ ಬಚ್ಚಲಿಗೆ ಹೋಗುವಂಥದ್ದು. ಆ ಹೊತ್ತಿಗೆ ಕಾರು ರಿಪೇರಿಯಾಗಿ, ಹೊಸ ಬಣ್ಣ ಬಳಿಸಿಕೊಂಡು ಬಂದಿತ್ತು. ಇನ್ಶೂರೆನ್ಸ್ ಕಂಪನಿಯೇ ಖರ್ಚು ಕೊಟ್ಟಿತ್ತು. ಹಾಗಾದರೆ ಕಾಲಿಗೂ ಕೊಡುತ್ತಾರೆ ಎಂದುಕೊಂಡು ಇಬ್ಬರನ್ನೂ ಕರೆದುಕೊಂಡು ಲಾಯರ ಬಳಿ ಹೋದೆ.

ಲಾಯರು ಕಾಗದಗಳನ್ನು ನೋಡಿ ಕನ್ನಡಕ ತೆಗೆದರು. “ಸಿಸ್ಟರ್, ಕಾರು ರಿಪೇರಿ ಮಾಡ್ಸೋಕೆ ಯಾರ ತಪ್ಪು ಅಂತ ಕಂಪನಿ ಕೇಳಲ್ಲ. ಮೈಗೆ ಪೆಟ್ಟಾದೋರಿಗೆ ಕೊಡೋ ಪರಿಹಾರ ಬೇರೆ. ಓಡಿಸಿದೋರ ತಪ್ಪಿಂದ ಇನ್ನೊಬ್ರಿಗೆ ಪೆಟ್ಟಾದ್ರೆ ಅವ್ರು ಕೊಡಬೇಕು, ಅವ್ರ ಬದಲಿಗೆ ಕಂಪನಿ ಕೊಡುತ್ತೆ. ಇಲ್ಲಿ ನಾಯಿ ಬಂತು ಅಂತ ಬರೆಸಿದಾರೆ. ತಪ್ಪು ನಾಯೀದು. ಇವ್ರೇ ಕೊಡಬೇಕಾಗಿಲ್ಲ ಅಂದ್ಮೇಲೆ ಕಂಪನಿ ಯಾಕೆ ಕೊಡುತ್ತೆ?”

“ಕಾರೊಳಗೆ ಕೂತೋರಿಗೆ ಸಿಗೋದಾದ್ರೂ ಉಂಟಾ?” ಎಂದೆ.

“ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ರೆ ಇರ್ತಿರಲಿಲ್ಲ, ಅದು ರೋಡಲ್ಲಿರೋರಿಗೆ. ಇವ್ರದ್ದು ಫುಲ್ ಪಾಲಿಸಿ, ಬಚಾವಾದ್ರಿ. ತಪ್ಪು ಯಾರದ್ದು ಅಂತ ಕೇಳದೆ ಕೊಡೋ ನಿಗದಿ ಮೊತ್ತ ಒಂದಿದೆ. ತಗೊಂಡ್ರೆ ಅಲ್ಲಿಗೆ ಮುಗೀತು. ಆದ್ರೆ ಒಳ್ಳೆ ಕಾಲು, ಕೆಲವು ವರ್ಷಕ್ಕೊಂದ್ಸಲ ಅದನ್ನ ಬದಲಾಯಿಸೋದು, ಅಷ್ಟೆಲ್ಲ ಅದರಲ್ಲಿ ಆಗಲ್ಲ.”

ತಂಗಿಯ ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ಅದನ್ನೇ ತಗೊಳ್ಲಿ ಬಿಡಿ ಸಾರ್. ಕುಂಟಿ ಇನ್ನೇನು ಓಟದ ಪಂದ್ಯಕ್ಕೆ ಹೋಗ್ಬೇಕಾ?”

ತಂಗಿ ಅವನ ಕಡೆ ನೋಡಲಿಲ್ಲ. “ದೊಡ್ಡ ಪರಿಹಾರಕ್ಕೆ ಕೇಸು ಹಾಕಿದ್ರೆ ಇವ್ರ ಹೆಸರು ಬರುತ್ತಾ ಸಾರ್?”

“ಮೊದಲನೇ ಎದುರುದಾರರು ಇವ್ರೇ, ಎರಡನೇದು ಕಂಪನಿ. ಇವ್ರ ಜೇಬಿಂದ ಏನೂ ಹೋಗಲ್ಲಮ್ಮ. ತಪ್ಪಾಯ್ತು ಅಂತ ಒಂದು ಮಾತು ಒಪ್ಕೊಂಡ್ರೆ ಸಾಕು.”

“ಜೇಬಿನ ಮಾತಲ್ಲ ಮಾರಾಯ್ರೆ,” ಅವನು ಎದ್ದು ನಿಂತ. “ಇಡೀ ಸರ್ವೀಸಲ್ಲಿ ನನ್ನ ಗಾಡಿಗೆ ಒಂದು ಕೋಳಿ ಸಿಕ್ಕಿ ಸತ್ತಿಲ್ಲ.”

“ಕೋಳಿಗಳು ಪುಣ್ಯ ಮಾಡಿದ್ವು,” ಎಂದೆ ನಾನು.

ತಂಗಿ ಲಾಯರ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. “ಎಲ್ಲಿ ಸಹಿ ಹಾಕ್ಬೇಕು ಹೇಳಿ. ದೊಡ್ಡದಕ್ಕೇ.”

ಅವನು ಬಾಗಿಲು ಬಡಿದು ಹೋದ. ಸುದ್ದಿ ನಮಗಿಂತ ಮುಂಚೆ ನೆಂಟರ ಮನೆ ತಲುಪಿತು. ನೋಡಿಕೊಂಡು ಹೋಗಲೆಂದು ಮೂಸಂಬಿ ತಂದಿದ್ದ ಒಬ್ಬಾಕೆ ನನ್ನ ಅಡುಗೆಮನೆಯಲ್ಲೇ ನಿಂತು ಹೇಳಿದಳು: “ಒಂದು ಕಾಲಲ್ಲೇ ಗಂಡನ್ನ ಕೋರ್ಟಿಗೆ ಎಳೀತಾಳೆ, ಎರಡಿದ್ದಿದ್ರೆ ಏನ್ಮಾಡ್ತಿದ್ಲೋ!” ಮೂಸಂಬಿ ಸಮೇತ ಅವಳನ್ನು ಹೊರಗೆ ಕಳಿಸಿದೆ.

ಕೋರ್ಟಿನಲ್ಲಿ ತಂಗಿ ನಡೆದದ್ದನ್ನು ಹೇಳಿದಳು. ನಾಯಿ ಇರಲಿಲ್ಲ. ಗಂಡ ತನ್ನನ್ನು ಬೈಯುತ್ತಾ ಓಡಿಸುತ್ತಿದ್ದ, ರಸ್ತೆ ನೋಡಲಿಲ್ಲ. ಕಂಪನಿಯ ವಕೀಲರು ನಕ್ಕರು. “ಗಂಡ ಹೆಂಡ್ತಿ ಸೇರಿ ಪರಿಹಾರಕ್ಕೋಸ್ಕರ ಕಥೆ ಕಟ್ಟಿದೀರಿ, ಅಲ್ವಾ?” ಅವಳ ಮಾತನ್ನು ಒಡೆಯಲೆಂದು, ನಾಯಿಯ ಹೇಳಿಕೆಗೆ ಸಹಿ ಹಾಕಿದ್ದ ಅವನನ್ನೇ ಅವರು ಸಾಕ್ಷಿಯಾಗಿ ಕರೆಸಿದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ನಾಯಿಯ ಕಥೆಯನ್ನು ಚೆನ್ನಾಗಿ ಹೇಳಿದ. ಕಂದು ನಾಯಿಯಂತೆ, ಬಾಲ ಮೊಂಡಂತೆ.

ನಮ್ಮ ಲಾಯರು ಎದ್ದರು. “ಎಷ್ಟು ದೂರದಲ್ಲಿ ಕಂಡ್ರಿ ಅದನ್ನ?”

“ಹತ್ರನೇ.”

“ಹತ್ರ ಬರೋವರೆಗೂ ಯಾಕೆ ಕಾಣಲಿಲ್ಲ? ಅಷ್ಟು ವರ್ಷ ಬಸ್ ಓಡಿಸಿದೋರು ನೀವು.”

ಬಸ್ಸಿನ ಮಾತನ್ನು ಅವನಿಗೆ ತಡೆಯಲಾಗಲಿಲ್ಲ. “ಕಾಣೋಕೆ ಇವಳು ಬಿಡಬೇಕಲ್ಲ ಸಾರ್! ಮದುವೆ ಮನೇಲಿ ನನ್ನ ಯಾರೂ ಊಟಕ್ಕೆ ಏಳಿಸ್ಲಿಲ್ಲ ಅಂತ ನಾನು ಹೇಳ್ತಿದ್ರೆ ಕಿಸಕ್ಕಂತ ನಗ್ತಾಳೆ. ಬಾಯಿ ಮುಚ್ಚೇ ಅಂತ ಇವಳ ಕಡೆ ತಿರುಗಿದೆ, ಅಷ್ಟರಲ್ಲಿ ಲಾರಿ...”

ಬಾಯಿ ತೆರೆದೇ ಇತ್ತು.

“ನಾಯಿ?” ಎಂದರು ಲಾಯರು, ತುಂಬ ಮೆತ್ತಗೆ.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಟೈಪ್ ಮಾಡುವವರಿಗೆ, “ಹೇಳಿದ ಹಾಗೇ ಹಾಕಿ,” ಎಂದರು. ತಂಗಿ ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ಅವಳ ಕಣ್ಣಲ್ಲಿದ್ದದ್ದು ಕರುಣೆಯಲ್ಲ. ನನಗೂ ಇರಲಿಲ್ಲ.

ಆದೇಶ ಅವಳ ಕಡೆಗಾಯಿತು. ಗಂಡನೇ ಹೆಂಡತಿಯ ವಿರುದ್ಧ ಇಷ್ಟು ಹಟ ಹಿಡಿದಿರುವಾಗ ಇಬ್ಬರೂ ಸೇರಿ ಕಥೆ ಕಟ್ಟಿದರೆಂಬ ಮಾತು ನಿಲ್ಲುವುದಿಲ್ಲ ಎಂದು ಅದರಲ್ಲಿ ಬರೆದಿದ್ದರು. ಕಂಪನಿ ಪರಿಹಾರ ಕಟ್ಟಿತು, ಕಾಲು ಬಂತು. ಜನ್ನಾಪುರದ ಟೀ ಅಂಗಡಿಯಲ್ಲಿ ಅವನನ್ನು ಕಂಡರೆ, “ನಾಯಿ ಸಿಕ್ತಾ ಯಜಮಾನ್ರೇ?” ಎಂದು ಕೇಳತೊಡಗಿದರು. ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ.

ಹೊಸ ಕಾಲಿನ ಮೇಲೆ ನಾನು ಅವಳನ್ನು ದಿನಾ ನಡೆಸಿದೆ. ನೋವೆಂದು ಅತ್ತರೂ ಬಿಡದೆ ಬೈದು ಎಬ್ಬಿಸಿದೆ, ಊಟ ನಿದ್ದೆ ಎಲ್ಲಕ್ಕೂ ಗಂಟೆ ನೋಡಿದೆ. ಗೋಡೆ ಹಿಡಿಯದೆ ಅವಳು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಅವನು ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಒಳಗೆ ಬರಲಿಲ್ಲ.

“ನನ್ನ ಮಾನ ತೆಗೆದು ಕಾಲು ತಗೊಂಡ್ಯಲ್ಲ. ಆಯ್ತು, ಬಾ. ಹೋಟೆಲ್ ಊಟ ಹೊಟ್ಟೆಗೆ ಆಗ್ತಿಲ್ಲ.”

“ಹೋಟೆಲ್ ಬದಲಾಯಿಸಿ,” ಎಂದೆ.

ತಂಗಿ ಒಳಗೆ ಹೋಗಿ ಬ್ಯಾಗು ತುಂಬಿಸತೊಡಗಿದಳು. ನಾನು ಕೈ ಹಿಡಿದೆ. “ಹುಚ್ಚು ಹಿಡಿದಿದೆಯೇನೇ? ಇಲ್ಲೇ ಇರು.”

“ಅಲ್ಲೂ ಬೈಸ್ಕೋತೀನಿ, ಇಲ್ಲೂ ಬೈಸ್ಕೋತೀನಿ ಅಕ್ಕ. ಅಲ್ಲಿ ಬೆಳಿಗ್ಗೆ ಮಲಗಿರೋಕಾದ್ರೂ ಬಿಡ್ತಾರೆ.”

ಅವಳು ಕೈ ಬಿಡಿಸಿಕೊಂಡು ಮೆಟ್ಟಿಲಿಗೆ ಬಂದಳು. ಇಳಿಯುವಾಗ ಕೃತಕ ಕಾಲು ಮೊದಲು, ಆಮೇಲೆ ಸ್ವಂತದ್ದು. ಒಂದು ಮೆಟ್ಟಿಲಲ್ಲೂ ತಪ್ಪಲಿಲ್ಲ. ಅವನು ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಅವಳು ತಾನೇ ಬಾಗಿಲು ತೆಗೆದು ಅವನ ಪಕ್ಕದ ಸೀಟಿನಲ್ಲಿ ಕೂತು, ಎರಡೂ ಕೈಯಿಂದ ಕಾಲನ್ನು ಎತ್ತಿ ಒಳಗಿಟ್ಟುಕೊಂಡಳು.