ಕಂಪನಿ ನರ್ಸು

ನಮ್ಮಣ್ಣನಿಗೆ ಸರ್ಕಾರ ಅಂದರೆ ಮೈಯೆಲ್ಲ ಉರಿ. ಕರೆಂಟು ಹೋದರೆ ಸರ್ಕಾರ, ರಸ್ತೆಯಲ್ಲಿ ಗುಂಡಿ ಬಿದ್ದರೆ ಸರ್ಕಾರ, ಚಪ್ಪಲಿ ಕಿತ್ತುಹೋದರೂ ಸರ್ಕಾರ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ರಿಟೈರಾದ ನನ್ನೆದುರೇ ಬೈಯುತ್ತಾನೆ. ಅವನು ದುಡಿದದ್ದು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ, ಅದೂ ಸರ್ಕಾರದ್ದೇ. ಆದರೆ ಕಾರ್ಖಾನೆಯವರ ಬಡಾವಣೆಯಾದ ಕಾಗದನಗರದಲ್ಲಿ ಯಾರ ಬಾಯಲ್ಲೂ ಅದು ಸರ್ಕಾರವಲ್ಲ, ಕಂಪನಿ. ಕಂಪನಿ ಮನೆ, ಕಂಪನಿ ನೀರು, ಕಂಪನಿ ಆಸ್ಪತ್ರೆ. ಕಾರ್ಖಾನೆ ನಿಂತ ದಿನ ಮಾತ್ರ ಅದು ಇದ್ದಕ್ಕಿದ್ದಂತೆ ಸರ್ಕಾರದ್ದಾಯಿತು.

ಹೋದ ವರ್ಷ ಅವನು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಹಾಲು ತರಲು ಹೋದಾಗ ಬೀದಿನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಗಾಯ ತೊಳೆದು, ಹಲ್ಲು ಆಳಕ್ಕೆ ಇಳಿದಿದೆ, ಗಾಯದ ಸುತ್ತ ಚುಚ್ಚುವ ಔಷಧಿ ನಮ್ಮಲ್ಲಿಲ್ಲ, ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದರು. ಅಣ್ಣ ನನ್ನ ಜೊತೆ ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬಿಡಲು ಹೇಳಿದ. ಭದ್ರಾವತಿಯಲ್ಲಿ ಹಳೆಯ ಕಂಪನಿ ಡಾಕ್ಟರೊಬ್ಬರಿದ್ದಾರಂತೆ, ನಾಳೆ ತೋರಿಸುತ್ತಾನಂತೆ.

"ಸರ್ಕಾರಿ ಸೂಜಿಲಿ ಬರೀ ನೀರಿರುತ್ತೆ ಮಾರಾಯ್ತಿ" ಅಂದ.

ನನಗೆ ಸಿಟ್ಟು ನೆತ್ತಿಗೇರಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಹುಚ್ಚುನಾಯಿ ರೋಗ ಒಮ್ಮೆ ಶುರುವಾದರೆ ಯಾವ ಡಾಕ್ಟರೂ ಉಳಿಸಲಾರರು. ನನಗಿರುವುದು ಅವನೊಬ್ಬನೇ ಅಣ್ಣ.

"ನಿನ್ ಮಕ್ಳಿಗೆ ಪೋಲಿಯೊ ಹನಿ ಹಾಕಿದ್ದು ಯಾರು?"

"ಕಂಪನಿ."

ಇವನ ಜೊತೆ ವಾದ ಮಾಡಿ ಸುಖವಿಲ್ಲವೆಂದು ಒಂದು ಸುಳ್ಳು ಹೇಳಿದೆ: ಕಂಪನಿ ನರ್ಸುಗಳೆಲ್ಲ ಈಗ ಆ ಆಸ್ಪತ್ರೆಯಲ್ಲೇ ಇದ್ದಾರೆ. ಆಟೋ ತಿರುಗಿತು.

ಆಸ್ಪತ್ರೆಯೇನೂ ಸ್ವರ್ಗವಾಗಿರಲಿಲ್ಲ. ಚೀಟಿಗೊಂದು ಸಾಲು, ಸೂಜಿಗೊಂದು ಸಾಲು. ಗೋಡೆಯ ಬಾಣದ ಗುರುತು ನಂಬಿ ಹೋದರೆ ಹೆರಿಗೆ ವಾರ್ಡು. ಜನ ಸುಮ್ಮನೆ ಬೈಯುವುದಿಲ್ಲ, ನಾನೂ ಬೈದೆ. ಆದರೆ ನಿಂತು ಬೈದು ಕೆಲಸ ಮಾಡಿಸಿಕೊಳ್ಳುವುದು ಬೇರೆ, ಬೈದುಕೊಂಡು ಮನೆಗೆ ಹೋಗಿ ಸಾಯುವುದು ಬೇರೆ. ಬೇಕಾದ ಔಷಧಿ ಇದ್ದದ್ದು ಅಲ್ಲೇ. ಅಣ್ಣ ನರ್ಸನ್ನು ನೀವು ಕಂಪನಿಯವರಾ ಎಂದು ಕೇಳಿದ. ಆಕೆ ತಲೆಯೆತ್ತದೆ ಹೂಂ ಅಂದಳು. ಅವನು ಪಂಚೆ ಮೇಲೆತ್ತಿದ.

ಮುಂದಿನ ಸೂಜಿಗಳನ್ನು ಒಂದೂ ತಪ್ಪಿಸಲಿಲ್ಲ. ಕೊನೆಯದಕ್ಕೆಂದು ಬಂದಿದ್ದ ದಿನವೇ ನಮ್ಮ ಎದುರುಮನೆಯಾಕೆಗೂ ನಾಯಿ ಕಚ್ಚಿತು. ಸರ್ಕಾರಿ ಆಸ್ಪತ್ರೆಗೆ ಹೋಗೋಣವೆಂದು ನಾನಂದರೆ ಮುಖ ಸಿಂಡರಿಸಿದಳು. ಅಣ್ಣ ಚಪ್ಪಲಿ ಮೆಟ್ಟಿಕೊಂಡ.

"ಬನ್ನಿ, ನಾನ್ ಕರ್ಕೊಂಡು ಹೋಗ್ತೀನಿ. ಅಲ್ಲಿರೋದು ನಮ್ಮ ಕಂಪನಿ ನರ್ಸು."

ಆಕೆ ತಕ್ಷಣ ಹೊರಟಳು. ಸರ್ಕಾರ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಆಟೋ ಕರೆದೆ.